ರೀಲು ಹುಡುಕುತ್ತಲೇ ಮುದುಕಿಯಾದ ಆಲಿಸ್ ಗೀ

ನ್ಯೂಜೆರ್ಸಿ: ರಾಬಿನ್ಸ್‌ವಿಲ್ ಅಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಅಲ್ಲಿನ ಅಕ್ಷರಧಾಮ ದೇವಸ್ಥಾನ. ಅದೇ ರಾಜ್ಯದ ಉತ್ತರಕ್ಕೆ, ಹಡ್ಸನ್ ನದಿಯ ದಡದಲ್ಲಿ ಫೋರ್ಟ್ ಲೀ ಎಂಬ ಪೇಟೆ ಇದೆ. ಹಾಲಿವುಡ್ ಹೆಸರು ಮಾಡುವ ಮೊದಲು ಅಮೆರಿಕದ ಎಷ್ಟೋ ಸಿನಿಮಾಗಳು ತಯಾರಾಗುತ್ತಿದ್ದದ್ದು ಇಲ್ಲೇ. ಜಗತ್ತಿನ ಮೊದಲ ಮಹಿಳಾ ನಿರ್ದೇಶಕಿ ಎನಿಸಿದ ಆಲಿಸ್ ಗೀ ಸ್ಟುಡಿಯೋ ಕಟ್ಟಿದ್ದೂ ಇಲ್ಲೇ.

ಪರದೇಶದ ಬಾಳು ಆಕೆಗೆ ಹುಟ್ಟಿನಿಂದಲೇ ಅಂಟಿತ್ತು. ತಂದೆ ಚಿಲಿ ದೇಶದಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಫ್ರೆಂಚ್ ವ್ಯಾಪಾರಿ. 1873ರಲ್ಲಿ ಪ್ಯಾರಿಸ್ ಪಕ್ಕದಲ್ಲಿ ಹುಟ್ಟಿದ ಮಗುವನ್ನು ಸ್ವಿಟ್ಜರ್‌ಲೆಂಡಿನಲ್ಲಿದ್ದ ಅಜ್ಜಿಯ ಮಡಿಲಿಗೆ ಹಾಕಿ ತಾಯಿ ಮತ್ತೆ ಚಿಲಿಗೆ ಹೋದರು. ಗಲ್ಫ್‌ನಲ್ಲಿ ದುಡಿಯುವವರ ಮನೆಗಳಿಗೆ ಇದು ಹೊಸ ಕತೆಯೇನಲ್ಲ. ತಂದೆ ತೀರಿದ ಮೇಲೆ ಆಲಿಸ್ ಟೈಪಿಂಗ್, ಶೀಘ್ರಲಿಪಿ ಕಲಿತು 1894ರಲ್ಲಿ ಕ್ಯಾಮೆರಾ ಕಂಪನಿಯೊಂದರಲ್ಲಿ ಸೆಕ್ರೆಟರಿಯಾದರು. ಅದನ್ನು ಲಿಯೋನ್ ಗೋಮೋನ್ ಕೊಂಡುಕೊಂಡರು. 1896ರಲ್ಲಿ ಆಲಿಸ್ ಕತೆಯೊಂದನ್ನು ಸಿನಿಮಾ ಮಾಡಲು ಕೇಳಿದಾಗ, ಆಫೀಸು ಕೆಲಸ ಕೆಡಬಾರದು ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಎಲೆಕೋಸಿನ ತೋಟದಲ್ಲಿ ಶಿಶುಗಳನ್ನು ಎತ್ತಿಕೊಡುವ ಯಕ್ಷಿಣಿಯ ಪುಟ್ಟ ಚಿತ್ರ ಅದು. ಮುಂದೆ 1907ರವರೆಗೆ ಆ ಕಂಪನಿಯ ಸಿನಿಮಾ ತಯಾರಿಕೆ ಅವರದ್ದೇ ಉಸ್ತುವಾರಿ.

ಮದುವೆಯಾಗಿ ಅಮೆರಿಕಕ್ಕೆ ಬಂದ ಆಲಿಸ್ 1910ರಲ್ಲಿ ಸೋಲಾಕ್ಸ್ ಕಂಪನಿ ತೆರೆದರು. 1912ರಲ್ಲಿ ಫೋರ್ಟ್ ಲೀಯಲ್ಲಿ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಸುರಿದು ಸ್ಟುಡಿಯೋ ಕಟ್ಟಿಸಿದರು. ನಟರು ಸಹಜವಾಗಿ ಅಭಿನಯಿಸಬೇಕೆಂದು ಅಲ್ಲಿ ದೊಡ್ಡ ಬೋರ್ಡೇ ತೂಗುಹಾಕಿದ್ದರು. ಅದೇ ವರ್ಷದ 'ಫಾಲಿಂಗ್ ಲೀವ್ಸ್' ನೋಡಿದರೆ ಆ ಬೋರ್ಡಿನ ಅರ್ಥ ಗೊತ್ತಾಗುತ್ತದೆ: ಕೊನೆಯ ಎಲೆ ಉದುರುವಷ್ಟರಲ್ಲಿ ಅಕ್ಕ ಸಾಯುತ್ತಾಳೆಂದು ಡಾಕ್ಟರ್ ಹೇಳಿದ್ದು ಕೇಳಿ, ಪುಟ್ಟ ತಂಗಿ ರಾತ್ರಿ ತೋಟಕ್ಕೆ ಹೋಗಿ ಎಲೆಗಳನ್ನು ದಾರದಿಂದ ಕೊಂಬೆಗೆ ಕಟ್ಟುತ್ತಾಳೆ.

ಆಮೇಲೆ ಎಲ್ಲ ಇಳಿಜಾರು. ಗಂಡ ಹಾಲಿವುಡ್‌ಗೆ ಹೋದರು, ಸಾಲ ಏರಿತು, ಸ್ಟುಡಿಯೋ ಹರಾಜಾಯಿತು. 1922ರಲ್ಲಿ ಇಬ್ಬರು ಮಕ್ಕಳ ಜತೆ ಫ್ರಾನ್ಸಿಗೆ ಮರಳಿದರು. ಮತ್ತೆ ಸಿನಿಮಾ ಮಾಡಲು ಆಗಲೇ ಇಲ್ಲ. ಕೆಲಸ ಕೇಳಲು ತೋರಿಸೋಣ ಅಂದರೆ ಕೈಯಲ್ಲಿ ಒಂದು ರೀಲೂ ಇಲ್ಲ. 1927ರಲ್ಲಿ ಮತ್ತೆ ಅಮೆರಿಕಕ್ಕೆ ಬಂದು, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ವರೆಗೂ ಹುಡುಕಿ ಬರಿಗೈಲಿ ಹೋದರು. ಅಷ್ಟರಲ್ಲಿ ಅವರ ಚಿತ್ರಗಳ ಶ್ರೇಯಸ್ಸು ಪುಸ್ತಕಗಳಲ್ಲಿ ಗಂಡಸರ ಹೆಸರಿಗೆ ಹೋಗತೊಡಗಿತ್ತು.

ಅಂದಿನ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತದೆ. ಬೆಂಕಿ ತಾಗದಿದ್ದರೂ ವರ್ಷಗಳು ಕಳೆದಂತೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಸುಮಾರು 1000 ಚಿತ್ರಗಳಲ್ಲಿ ಉಳಿದದ್ದು 150ರ ಆಸುಪಾಸು. ಈಗ ಸಂಗ್ರಹಾಲಯಗಳಲ್ಲಿ ಒಂದೊಂದೇ ಚೌಕವನ್ನು ಸ್ಕ್ಯಾನ್ ಮಾಡಿ, ಗೀರು ಒರೆಸಿ, ನಡುಕ ನಿಲ್ಲಿಸಿ, ವೇಗ ಸರಿಪಡಿಸುತ್ತಾರೆ. ಸೆಕೆಂಡಿಗೆ 16ರ ಆಸುಪಾಸಿನಲ್ಲಿ ತೆಗೆದ ಚೌಕಗಳನ್ನು 24ರಂತೆ ಓಡಿಸುವುದರಿಂದಲೇ ಹಳೇ ಚಿತ್ರಗಳಲ್ಲಿ ಜನ ಕುಣಿದಂತೆ ನಡೆಯುವುದು. ಮೊಬೈಲಿನಲ್ಲಿ ಬರುವ, ಕಂಪ್ಯೂಟರಿನಿಂದ ಬಣ್ಣ ತುಂಬಿ ನುಣುಪು ಮಾಡಿದ ವಿಡಿಯೋಗಳ ಮಾತು ಬೇರೆ. ಫಿಲ್ಮಿನಲ್ಲಿ ಇಲ್ಲದ್ದನ್ನು ಅಲ್ಲಿ ಯಂತ್ರ ಊಹಿಸಿ ತುಂಬಿರುತ್ತದೆ. ನೋಡೋಕೆ ಚಂದ, ಆದರೆ ಅದು ಆಲಿಸ್ ತೆಗೆದ ಚಿತ್ರವಲ್ಲ. ಇನ್ನು ಹೆಸರು ಯಾವ ಸ್ಕ್ಯಾನರಿಗೂ ಸಿಗುವುದಿಲ್ಲ. ಆ ಕಾಲದ ಫಿಲ್ಮಿನಲ್ಲಿ ನಿರ್ದೇಶಕರ ಹೆಸರು ಹಾಕುವ ರೂಢಿಯೇ ಇರಲಿಲ್ಲ. ಅದಕ್ಕೆ ಆಲಿಸ್ ತಾವೇ ಕೂತು ನೆನಪಿನಿಂದ ಪಟ್ಟಿ ಮಾಡಿದರು, ಆತ್ಮಕತೆ ಬರೆದರು. ಅದು ಅಚ್ಚಾದದ್ದು 1976ರಲ್ಲಿ.

ಆಗ ಅವರಿರಲಿಲ್ಲ. 1964ರಲ್ಲಿ ಮಗಳ ಜತೆ ನ್ಯೂಜೆರ್ಸಿಗೆ ಮರಳಿದ್ದ ಆಲಿಸ್ 1968ರ ಮಾರ್ಚ್ 24ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮಾವಾದ ಸ್ಮಶಾನದಲ್ಲಿ ಅವರ ಸಮಾಧಿಗೆ ಫೋರ್ಟ್ ಲೀ ಚಲನಚಿತ್ರ ಆಯೋಗ 2012ರಲ್ಲಿ ಹೊಸ ಕಲ್ಲು ಹಾಕಿಸಿತು. ಅದರ ಮೇಲೆ ಸೋಲಾಕ್ಸ್ ಕಂಪನಿಯ ಚಿಹ್ನೆ ಇದೆ.