ವಿದ್ಯೆಯ ಹೆಬ್ಬಾಗಿಲು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಶಂಕರಪುರಂ ಒಂದು. ಒಂದೆಡೆ ಶಂಕರಮಠ, ಇನ್ನೊಂದೆಡೆ ಬಸವನಗುಡಿಯ ಸಾಲುಮರಗಳ ಬೀದಿಗಳು. ಇವುಗಳ ನೆರೆಯಲ್ಲಿಯೇ ಕೆ.ಆರ್. ರಸ್ತೆಯ ಬದಿಗೆ ಮಹಿಳಾ ಸೇವಾ ಸಮಾಜವಿದೆ. 1913ರಲ್ಲಿ ಆರಂಭವಾದ ಈ ಸಂಸ್ಥೆ ಸಾವಿರಾರು ಹೆಣ್ಣುಮಕ್ಕಳಿಗೆ ವಿದ್ಯಾದಾನ ಮಾಡಿದೆ. ಅದರ ಆಶ್ರಯದ ಶಾಲೆಯಲ್ಲಿ ಅಕ್ಷರ ಕಲಿತ ಬಾಲಕಿಯೊಬ್ಬಳು ಮುಂದೆ ಸಾಗರವನ್ನು ದಾಟಿ, ಕಣ್ಣಿಗೆ ಕಾಣದ ಅಲೆಗಳ ಗುಟ್ಟನ್ನು ಅರಿತು ಬಂದು, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದಳು. ಆಕೆಯೇ ಡಾ. ರಾಜೇಶ್ವರಿ ಚಟರ್ಜಿ.

ರಾಜೇಶ್ವರಿಯವರು ಜನಿಸಿದ್ದು 1922ರ ಜನವರಿ 24ರಂದು. ತಂದೆ ಬಿ.ಎಂ. ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರಾಗಿದ್ದರು. ಹೆಣ್ಣುಮಕ್ಕಳಿಗೆ ವಿದ್ಯೆ ಏಕೆ ಎಂಬ ಪ್ರಶ್ನೆ ಅಂದು ಬಹುಮಂದಿಯ ಬಾಯಲ್ಲಿತ್ತು. ಎಳೆಯ ವಯಸ್ಸಿನ ವಿವಾಹ ಎಷ್ಟು ಸಾಮಾನ್ಯವಾಗಿತ್ತೆಂದರೆ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ತಡೆಯಲು ಮೈಸೂರು ಸಂಸ್ಥಾನವು 1894ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅದಕ್ಕೂ ಮೊದಲೇ, 1881ರಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ತೆರೆದಿತ್ತು. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮೊದಮೊದಲು ಮೇಲ್ಜಾತಿಗಳೆನಿಸಿಕೊಂಡ ಕುಟುಂಬಗಳ ಬಾಲಕಿಯರಿಗೆ ಮಾತ್ರ ಅಲ್ಲಿ ಪ್ರವೇಶ ದೊರೆಯುತ್ತಿತ್ತು. ಬುದ್ಧಿಯಿದ್ದರೂ ಶಾಲೆಯ ಹೊಸ್ತಿಲನ್ನು ತುಳಿಯದೆ ಹೋದ ಹೆಣ್ಣುಮಕ್ಕಳ ಲೆಕ್ಕವನ್ನು ಯಾರೂ ಇಡಲಿಲ್ಲ.

ಇಂತಹ ಕಾಲದಲ್ಲಿ ಪದವಿ ಪಡೆದ ಬೆರಳೆಣಿಕೆಯ ಮಹಿಳೆಯರಲ್ಲಿ ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪನವರೂ ಒಬ್ಬರು. ತಾವು ಕಲಿತದ್ದಕ್ಕೇ ಅವರು ತೃಪ್ತರಾಗಲಿಲ್ಲ. ವಿಧವೆಯರ ಹಾಗೂ ಗಂಡನಿಂದ ಪರಿತ್ಯಕ್ತರಾದ ಹೆಣ್ಣುಮಕ್ಕಳ ದುಃಸ್ಥಿತಿ ಅವರ ಮನಸ್ಸನ್ನು ಕಲಕಿತು. ಇಂಥವರು ತಮ್ಮ ಕಾಲ ಮೇಲೆ ನಿಲ್ಲಬೇಕಾದರೆ ವಿದ್ಯೆಯೊಂದೇ ಆಸರೆ. ಆದರೆ ಓದುವ ವಯಸ್ಸನ್ನು ಮನೆಯೊಳಗೇ ಕಳೆದವರು ಪುಟ್ಟ ಮಕ್ಕಳ ಜೊತೆಗೆ ಕುಳಿತು, ವರ್ಷಕ್ಕೊಂದು ತರಗತಿಯಂತೆ ಓದಿ ಮುಗಿಸುವುದು ಸುಲಭವಲ್ಲ. ಕಮಲಮ್ಮನವರೂ ಅವರ ಗೆಳತಿಯರೂ ಕೂಡಿ ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ವಿಶೇಷ ಇಂಗ್ಲಿಷ್ ಶಾಲೆಯೊಂದನ್ನು ಆರಂಭಿಸಿದರು. ಹೊಸ್ತಿಲ ಹೊರಗೆ ನಿಂತವರನ್ನು ಕೈಹಿಡಿದು ಒಳಗೆ ಕರೆತರುವುದೇ ಅವರ ಗುರಿಯಾಗಿತ್ತು.

ಆ ಶಾಲೆಯಲ್ಲಿಯೇ ಮೊಮ್ಮಗಳ ವಿದ್ಯಾಭ್ಯಾಸ ಪ್ರಾರಂಭವಾಯಿತು. ಅಜ್ಜಿ ಹೋರಾಡಿ ಪಡೆದುದು ಮೊಮ್ಮಗಳಿಗೆ ಸಹಜವಾಗಿ ಒದಗಿತು. ಆದರೆ ಒಳಗೆ ಬಂದ ಮೇಲೆ ನಡೆಯಬೇಕಾದವಳು ಆಕೆಯೇ ತಾನೆ? ಪ್ರೌಢಶಾಲೆಯ ಅಂತಿಮ ಪರೀಕ್ಷೆಯ ತರುವಾಯ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಎದುರಾಯಿತು. ಇತಿಹಾಸದ ಕಡೆಗೆ ಆಕೆಯ ಒಲವು ಬಹಳವಾಗಿತ್ತು. ಕೊನೆಗೆ ಗೆದ್ದುದು ವಿಜ್ಞಾನ ಮತ್ತು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದ ರಾಜೇಶ್ವರಿಯವರು ಗಣಿತಶಾಸ್ತ್ರದಲ್ಲಿ ಬಿ.ಎಸ್‌ಸಿ. ಆನರ್ಸ್ ಮತ್ತು ಎಂ.ಎಸ್‌ಸಿ. ಪದವಿಗಳನ್ನು ಪಡೆದರು. ಎರಡು ಪರೀಕ್ಷೆಗಳಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಮೊದಲಿಗರಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಪ್ರಶಸ್ತಿಯೂ ಸೇರಿದಂತೆ ಹಲವು ಬಹುಮಾನಗಳಿಗೆ ಪಾತ್ರರಾದರು.

ಅವರ ಮುಂದಿನ ಗುರಿ ಭಾರತೀಯ ವಿಜ್ಞಾನ ಸಂಸ್ಥೆ. ಮಲ್ಲೇಶ್ವರದ ಆಚೆಗಿರುವ ಆ ಸಂಸ್ಥೆಯ ಬಾಗಿಲು ಮಹಿಳೆಯರಿಗೆ ಸುಲಭವಾಗಿ ತೆರೆಯತಕ್ಕದ್ದಾಗಿರಲಿಲ್ಲ. ಹತ್ತು ವರ್ಷ ಮೊದಲು, 1933ರಲ್ಲಿ, ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಪ್ರವೇಶ ಕೋರಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ನರು ಒಪ್ಪಲಿಲ್ಲ. ಆಕೆ ಪಟ್ಟುಹಿಡಿದಾಗ, ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿಯೆಂದು ಪರಿಗಣಿಸಲಾಗದೆಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಅವಮಾನವನ್ನು ನುಂಗಿಕೊಂಡು ಆಕೆ ದುಡಿದರು. ತನ್ನ ಕೆಲಸದಿಂದಲೇ ಆ ಮಹಾವಿಜ್ಞಾನಿಯ ಅಭಿಪ್ರಾಯವನ್ನು ಬದಲಿಸಿದರು. ಮುಂದೆ ಕಮಲಾ ಸೊಹೊನಿ ಎಂದು ಖ್ಯಾತರಾದವರು ಇವರೇ. ಆಕೆ ಅಂದು ಹಿಂದಿರುಗಿ ಹೋಗಿದ್ದರೆ ತರುವಾಯ ಬಂದವರ ಹಾದಿ ಇನ್ನಷ್ಟು ದುರ್ಗಮವಾಗುತ್ತಿತ್ತು.

1943ರಲ್ಲಿ ರಾಜೇಶ್ವರಿಯವರು ಅದೇ ಸಂಸ್ಥೆಗೆ ಬಂದರು. ರಾಮನ್ನರ ಬಳಿ ಸಂಶೋಧನೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಭೌತಶಾಸ್ತ್ರದ ಪದವಿಯಿಲ್ಲವೆಂಬ ಕಾರಣದಿಂದ ಅದು ಕೈಗೂಡಲಿಲ್ಲ. ಒಂದು ಬಾಗಿಲು ಮುಚ್ಚಿತೆಂದು ಅವರು ಮನೆಯ ಹಾದಿ ಹಿಡಿಯಲಿಲ್ಲ. ವಿದ್ಯುತ್ ತಂತ್ರಜ್ಞಾನ ವಿಭಾಗದಲ್ಲಿ, ಸಂಪರ್ಕ ವಿಜ್ಞಾನದ ಕ್ಷೇತ್ರದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿಕೊಂಡರು. ನಿರಾಶೆಯ ಆ ತಿರುವೇ ಅವರ ಜೀವನದ ಹೆದ್ದಾರಿಯಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೆಹಲಿಯಲ್ಲಿ ರಚಿತವಾದ ಮಧ್ಯಂತರ ಸರ್ಕಾರವು ಪ್ರತಿಭಾವಂತ ತರುಣ ತರುಣಿಯರನ್ನು ಉನ್ನತ ವ್ಯಾಸಂಗಕ್ಕಾಗಿ ವಿದೇಶಗಳಿಗೆ ಕಳುಹಿಸುವ ಯೋಜನೆಯನ್ನು ಕೈಗೊಂಡಿತು. 1946ರಲ್ಲಿ ರಾಜೇಶ್ವರಿಯವರು ಅದಕ್ಕೆ ಆಯ್ಕೆಯಾದರು. ಅವಿವಾಹಿತ ತರುಣಿ ಒಂಟಿಯಾಗಿ ಹಡಗನ್ನೇರಿ ಅಮೆರಿಕಕ್ಕೆ ಹೋಗುವುದು ಅಂದಿನ ಸಮಾಜಕ್ಕೆ ಅಚ್ಚರಿಯ ಸಂಗತಿ. ಆದರೆ ಓದಿನ ಬೆಲೆ ಬಲ್ಲ ಮನೆ ಆಕೆಯನ್ನು ತಡೆಯಲಿಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಹೊಂದಿದರು. ಮತ್ತೆ ಮಿಷಿಗನ್‌ಗೆ ಹಿಂದಿರುಗಿ, ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ, ಪ್ರಾಧ್ಯಾಪಕ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ 1953ರಲ್ಲಿ ಡಾಕ್ಟರೇಟ್ ಗಳಿಸಿದರು.

ಅದೇ ವರ್ಷ ತಾಯ್ನಾಡಿಗೆ ಮರಳಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳು ಜೊತೆಗೂಡಿ ಸೂಕ್ಷ್ಮತರಂಗಗಳ ಸಂಶೋಧನೆಗೆ ಪ್ರಯೋಗಾಲಯವನ್ನು ಕಟ್ಟಿದರು. ಸೂಕ್ಷ್ಮತರಂಗಗಳೆಂದರೆ ಹೆಚ್ಚು ಕಡಿಮೆ ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ಉದ್ದವುಳ್ಳ ರೇಡಿಯೋ ಅಲೆಗಳು. ದೂರದ ವಿಮಾನವನ್ನು ಪತ್ತೆಹಚ್ಚುವ ರೇಡಾರ್ ಯಂತ್ರಕ್ಕೂ ಉಪಗ್ರಹಗಳ ಮೂಲಕ ಸಂದೇಶ ಕಳುಹಿಸುವುದಕ್ಕೂ ಇವು ಬೇಕು. ಈ ಅಲೆಗಳನ್ನು ಹೊರಸೂಸುವ ಹಾಗೂ ಸೆರೆಹಿಡಿಯುವ ಸಾಧನವೇ ಆಂಟೆನಾ. ವಿಮಾನಗಳಲ್ಲಿಯೂ ಬಾಹ್ಯಾಕಾಶ ನೌಕೆಗಳಲ್ಲಿಯೂ ಬಳಕೆಯಾಗುವ ಆಂಟೆನಾಗಳ ವಿಷಯದಲ್ಲಿ ರಾಜೇಶ್ವರಿಯವರು ಆಳವಾದ ಸಂಶೋಧನೆ ನಡೆಸಿದರು. ನೂರಕ್ಕೂ ಮಿಗಿಲಾದ ಸಂಶೋಧನ ಲೇಖನಗಳನ್ನೂ ಹಲವು ಪಠ್ಯಗ್ರಂಥಗಳನ್ನೂ ಬರೆದರು. ಅವರ ಮಾರ್ಗದರ್ಶನದಲ್ಲಿ 20 ಮಂದಿ ಡಾಕ್ಟರೇಟ್ ಪಡೆದರು. ಒಮ್ಮೆ ಬಾಗಿಲ ಹೊರಗೆ ನಿಂತು ಪ್ರವೇಶ ಬೇಡಿದ್ದವರು ಈಗ ಒಳಗೆ ನಿಂತು ಇತರರನ್ನು ಬರಮಾಡಿಕೊಳ್ಳುವ ಗುರುವಾದರು.

1982ರಲ್ಲಿ ನಿವೃತ್ತರಾದ ಮೇಲೆಯೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಮಹಿಳೆಯರ ಸ್ಥಿತಿಗತಿಗಳ ಅಧ್ಯಯನದಲ್ಲಿಯೂ ಸಮಾಜಸೇವೆಯಲ್ಲಿಯೂ ತೊಡಗಿದರು. ಬಾಲ್ಯದಲ್ಲಿ ಒಲಿದಿದ್ದ ಇತಿಹಾಸವೂ ಅವರನ್ನು ಮರಳಿ ಕರೆಯಿತು. ತಮ್ಮ ಕುಲದ ಹಾಗೂ ಕಾಲದ ಹೆಣ್ಣುಮಕ್ಕಳ ಬದುಕನ್ನು ಕುರಿತು ಪುಸ್ತಕಗಳನ್ನು ರಚಿಸಿದರು. 2010ರ ಸೆಪ್ಟೆಂಬರ್ 3ರಂದು, 88ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ಶಾಲೆಗೆ ಪ್ರವೇಶ ದೊರೆತ ದಿನ ಅದು ಕೇವಲ ತನ್ನ ಅಂಕಗಳ ಫಲವೆಂದು ವಿದ್ಯಾರ್ಥಿನಿ ಭಾವಿಸುವುದು ಸಹಜ. ಅಂಕಗಳನ್ನು ಗಳಿಸಿದವಳು ಆಕೆಯೇ ನಿಜ. ಆದರೆ ಆ ಬಾಗಿಲನ್ನು ತಳ್ಳಿ ತೆರೆದವರು ಬೇರೆಯವರು. ಕಮಲಮ್ಮನವರು ಶಾಲೆ ತೆರೆದರು. ಕಮಲಾ ಭಾಗವತ್ ಷರತ್ತಿಗೆ ತಲೆಬಾಗಿಯೂ ಒಳನಡೆದರು. ರಾಜೇಶ್ವರಿಯವರು ಅವರ ಹಿಂದೆಯೇ ಬಂದು ತಮ್ಮ ಶಿಷ್ಯರಿಗೆ ದಾರಿ ಮಾಡಿಕೊಟ್ಟರು. ವಿದ್ಯೆಯ ಹೆಬ್ಬಾಗಿಲನ್ನು ದಾಟಿ ಒಳಬಂದವರು ಅದನ್ನು ತಮ್ಮ ಹಿಂದೆ ಮುಚ್ಚದಿರುವುದೇ ಇವರೆಲ್ಲರ ಋಣವನ್ನು ತೀರಿಸುವ ಬಗೆ.