ಬೆಳಕನ್ನು ಸೋಸಿ ನೋಡಿದ ಗುಮಾಸ್ತ: ಸರ್ ನಾರ್ಮನ್ ಲಾಕಿಯರ್



ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1871ರ ಡಿಸೆಂಬರ್ 12ರಂದು ಅಲ್ಲಿ ಖಗ್ರಾಸ ಸೂರ್ಯಗ್ರಹಣ ವೀಕ್ಷಿಸಿದ ಇಂಗ್ಲಿಷ್ ತಂಡದ ನಾಯಕರೇ ನಾರ್ಮನ್ ಲಾಕಿಯರ್.

1836ರಲ್ಲಿ ಇಂಗ್ಲೆಂಡಿನ ರಗ್ಬಿಯಲ್ಲಿ ಹುಟ್ಟಿದ ಲಾಕಿಯರ್ ವಿಶ್ವವಿದ್ಯಾಲಯದ ಪದವೀಧರರಲ್ಲ. 1857ರಲ್ಲಿ ಲಂಡನ್ನಿನ ಯುದ್ಧ ಕಚೇರಿಯಲ್ಲಿ ಗುಮಾಸ್ತರಾದರು. ಬಿಡುವಿನ ವೇಳೆಯಲ್ಲಿ ಸ್ವಂತ ದೂರದರ್ಶಕದಿಂದ ಆಕಾಶ ನೋಡುತ್ತಿದ್ದ ಹವ್ಯಾಸಿ ಅವರು.

ಸೂರ್ಯನ ಅಂಚಿನಿಂದ ಚಿಮ್ಮುವ ಕೆಂಪು ಚಾಚಿಕೆಗಳು ಆಗ ಗ್ರಹಣದ ಕೆಲವೇ ನಿಮಿಷ ಮಾತ್ರ ಕಾಣುತ್ತಿದ್ದವು. ಉಳಿದಂತೆ ಆಕಾಶದ ಪ್ರಖರ ಬೆಳಕು ಅವನ್ನು ಮುಚ್ಚಿಬಿಡುತ್ತಿತ್ತು. ಲಾಕಿಯರ್ 1866ರಲ್ಲೇ ಒಂದು ಉಪಾಯ ಕಂಡುಕೊಂಡರು. ರೋಹಿತದರ್ಶಕವು ಬಿಳಿ ಬೆಳಕನ್ನು ಏಳು ಬಣ್ಣಗಳಾಗಿ ಹರಡಿ ಮಂಕಾಗಿಸುತ್ತದೆ. ಚಾಚಿಕೆಯ ಬೆಳಕಾದರೋ ಕೆಲವೇ ಬಣ್ಣದ ಗೆರೆಗಳಲ್ಲಿ ಸೇರಿರುವುದರಿಂದ ಮಂಕಾಗದೆ ಎದ್ದು ಕಾಣುತ್ತದೆ. ಆದರೆ ಸಾಕಷ್ಟು ಶಕ್ತಿಯ ಉಪಕರಣ ತಯಾರಾಗಿ ಕೈಸೇರುವಾಗ ಎರಡು ವರ್ಷ ಕಳೆದಿತ್ತು. 1868ರ ಅಕ್ಟೋಬರ್ 20ರಂದು ಗ್ರಹಣವಿಲ್ಲದ ಹಗಲಿನಲ್ಲೇ ಅವರು ಚಾಚಿಕೆಗಳನ್ನು ಕಂಡರು. ಅಷ್ಟರಲ್ಲಿ ಫ್ರಾನ್ಸಿನ ಜಾನ್ಸೆನ್ ಅದೇ ವಿಧಾನದಿಂದ ಆಂಧ್ರದ ಗುಂಟೂರಿನಲ್ಲಿ ಆಗಸ್ಟ್‌ನಲ್ಲೇ ಅದನ್ನು ಸಾಧಿಸಿದ್ದರು. ಇಬ್ಬರ ವರದಿಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಂದೇ ದಿನ ತಲುಪಿದವು. ಫ್ರೆಂಚ್ ಸರ್ಕಾರ ಇಬ್ಬರ ಮುಖವನ್ನೂ ಒಂದೇ ಪದಕದಲ್ಲಿ ಅಚ್ಚೊತ್ತಿಸಿ ಗೌರವಿಸಿತು.

ಚಾಚಿಕೆಯ ಬೆಳಕಿನ ಒಂದು ಹಳದಿ ಗೆರೆ ಭೂಮಿಯಲ್ಲಿ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಅದು ಹೊಸ ಧಾತುವಿನದೆಂದು ಲಾಕಿಯರ್ ನಂಬಿದರು. ಅದಕ್ಕೆ ಬಂದ ಹೆಸರು ಹೀಲಿಯಂ. ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಖನಿಜವೊಂದರಲ್ಲಿ ಅದನ್ನು ಕಂಡಾಗ ಇಪ್ಪತ್ತೇಳು ವರ್ಷಗಳ ಸಂಶಯ ಕೊನೆಗೊಂಡಿತು. 1869ರಲ್ಲಿ 'ನೇಚರ್' ಪತ್ರಿಕೆ ಆರಂಭಿಸಿದವರೂ ಲಾಕಿಯರ್ ಅವರೇ. 1920ರಲ್ಲಿ ಅವರು ನಿಧನರಾದರು.

ಇಂದು ಹವ್ಯಾಸಿಗಳು ಬಳಸುವ ಹೈಡ್ರೋಜನ್-ಆಲ್ಫಾ ಫಿಲ್ಟರ್ ಈ ತತ್ತ್ವವನ್ನೇ ಅನುಸರಿಸುತ್ತದೆ. 656.3 ನ್ಯಾನೋಮೀಟರ್ ಸುತ್ತಲಿನ ಅತಿ ಕಿರಿದಾದ ಕೆಂಪು ಬೆಳಕನ್ನಷ್ಟೇ ಬಿಟ್ಟು ಉಳಿದುದನ್ನು ಅದು ತಡೆಯುತ್ತದೆ. ಬೆಳಕು ಹೆಚ್ಚಿದ್ದರೆ ಸಾಲದು, ಬೇಕಾದುದನ್ನು ಆರಿಸಿಕೊಳ್ಳಬೇಕು.

ತುಮಕೂರು, ಗುಬ್ಬಿ, ಕುಣಿಗಲ್‌ಗಳ ವಿದ್ಯಾರ್ಥಿಗಳೇ, 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮ್ಮ ಜಿಲ್ಲೆಗೆ ಪಾರ್ಶ್ವಗ್ರಹಣ. ಸೂರ್ಯನನ್ನು ಎಂದೂ ಬರಿಗಣ್ಣಿನಿಂದ ನೋಡಬೇಡಿ. ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ, ತಂಪು ಕನ್ನಡಕ ಯಾವುದೂ ಸುರಕ್ಷಿತವಲ್ಲ. ಸುಮಾರು ಲಕ್ಷಕ್ಕೆ ಒಂದು ಪಾಲು ಬೆಳಕನ್ನಷ್ಟೇ ಬಿಡುವ ಸೌರ ಫಿಲ್ಟರ್ ಬೇಕು. ದೂರದರ್ಶಕವಾದರೆ ಅದನ್ನು ಮುಂಭಾಗದ ಬಾಯಿಗೇ ಕಟ್ಟಬೇಕು. ಕಣ್ಣಿನ ಬದಿಯಲ್ಲಿಟ್ಟರೆ ಕೇಂದ್ರೀಕರಿಸಿದ ಶಾಖಕ್ಕೆ ಒಡೆದು ದೃಷ್ಟಿಯೇ ಹೋದೀತು. ಫಿಲ್ಟರ್ ಸಿಗದಿದ್ದರೆ ರಟ್ಟಿಗೆ ಸೂಜಿರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು, ಬಿಳಿ ಕಾಗದದ ಮೇಲೆ ಬೀಳುವ ಬಿಂಬವನ್ನು ನೋಡಿರಿ. ಗುಮಾಸ್ತರೊಬ್ಬರಿಗೆ ಸಾಧ್ಯವಾದ ಕುತೂಹಲ ಮತ್ತು ತಾಳ್ಮೆ ನಿಮಗೂ ಸಾಧ್ಯ.