ಇಂದಿನ ಧಮ್ಮ ಚಿಂತನೆ: ಬೋಧಗಯೆಗಾಗಿ ಬದುಕಿದ ಅನಾಗಾರಿಕ ಧರ್ಮಪಾಲರು

ಬೋಧಗಯೆಯ ಮಹಾಬೋಧಿ ವಿಹಾರದ ಆಡಳಿತ ಬೌದ್ಧರ ಕೈಗೇ ಬರಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅನಾಗಾರಿಕ ಧರ್ಮಪಾಲರು.

ಅವರು 1864ರ ಸೆಪ್ಟೆಂಬರ್ 17ರಂದು ಕೊಲಂಬೊದ ಅನುಕೂಲಸ್ಥ ಬೌದ್ಧ ಕುಟುಂಬದಲ್ಲಿ ಹುಟ್ಟಿದರು. ಮನೆಯವರು ಇಟ್ಟ ಹೆಸರು ಡಾನ್ ಡೇವಿಡ್. ಓದಿದ್ದು ಕ್ರೈಸ್ತ ಶಾಲೆಗಳಲ್ಲಿ. ಮುಂದೆ ಆ ಹೆಸರು ಬಿಟ್ಟು ಧರ್ಮಪಾಲರಾದರು. ಅನಾಗಾರಿಕ ಎಂದರೆ ಮನೆಯಿಲ್ಲದವನು. ಸಂಸಾರ ಕಟ್ಟಿಕೊಳ್ಳದೆ, ಆಗಲೇ ಭಿಕ್ಖುವೂ ಆಗದೆ, ದೇಶ ದೇಶ ತಿರುಗಿ ಧಮ್ಮದ ಕೆಲಸ ಮಾಡುವ ದಾರಿಯನ್ನು ಅವರು ಆರಿಸಿಕೊಂಡರು.

1891ರ ಜನವರಿಯಲ್ಲಿ ಬೋಧಗಯೆಗೆ ಬಂದಾಗ ಅವರಿಗೆ 26 ವರ್ಷ. ವಿಹಾರ ಶೈವ ಮಠದ ಮಹಂತರ ವಶದಲ್ಲಿತ್ತು. ಗಯೆಗೆ ಪಿಂಡ ಇಡಲು ಬರುವ ಹಿಂದೂ ಯಾತ್ರಿಕರು ಬೋಧಿವೃಕ್ಷದ ಬಳಿಗೂ ಬರುತ್ತಿದ್ದರು. ಬುದ್ಧರು ವಿಷ್ಣುವಿನ ಅವತಾರ ಎಂದು ನಂಬಿದವರೂ ಅವರಲ್ಲಿದ್ದರು. ನಾವು 22 ಪ್ರತಿಜ್ಞೆಗಳಲ್ಲಿ ನಿರಾಕರಿಸುವುದು ಈ ನಂಬಿಕೆಯನ್ನೇ. ಭಗವಾನರಿಗೆ ಸಂಬೋಧಿ ದೊರೆತ ಜಾಗದಲ್ಲಿ ಬೌದ್ಧರಿಗೇ ಅಧಿಕಾರವಿರಲಿಲ್ಲ. ವಜ್ರಾಸನಕ್ಕೆ ಹಣೆ ಮುಟ್ಟಿಸಿದ ಧರ್ಮಪಾಲರು ಈ ಜಾಗಕ್ಕಾಗಿ ದುಡಿಯಬೇಕೆಂದು ಅಲ್ಲೇ ಸಂಕಲ್ಪ ಮಾಡಿದರು. ಅದೇ ಮೇ ತಿಂಗಳಲ್ಲಿ ಮಹಾಬೋಧಿ ಸೊಸೈಟಿ ಹುಟ್ಟಿತು.

1895ರ ಫೆಬ್ರವರಿಯಲ್ಲಿ ಅವರು ಜಪಾನಿನಿಂದ ಬಂದ ಬುದ್ಧಮೂರ್ತಿಯನ್ನು ವಿಹಾರದ ಮೇಲಂತಸ್ತಿನಲ್ಲಿ ಇಟ್ಟರು. ಮಹಂತರ ಕಡೆಯವರು ಅದನ್ನು ಹೊರಗೆ ತಂದಿಟ್ಟರು. ಧರ್ಮಪಾಲರು ಕೈ ಎತ್ತಲಿಲ್ಲ, ಕೋರ್ಟಿಗೆ ಹೋದರು. ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದರು. ಆದರೆ ಕಲ್ಕತ್ತಾ ಹೈಕೋರ್ಟ್ ಅದನ್ನು ರದ್ದುಮಾಡಿತು.

ಕೇಸು ಸೋತ ಮೇಲೆ ಅವರು ಏನು ಮಾಡಿದರು ಎಂಬುದೇ ನನಗೆ ದೊಡ್ಡ ಪಾಠ. ಬೇಡಿಕೆಯನ್ನು ಬಿಡಲಿಲ್ಲ, ಅದೊಂದನ್ನೇ ಹಿಡಿದು ಕೂರಲೂ ಇಲ್ಲ. ಪತ್ರಿಕೆ ನಡೆಸಿದರು, ಯಾತ್ರಿಕರಿಗೆ ತಂಗುದಾಣ ಕಟ್ಟಿಸಿದರು. ಹೊನೊಲುಲುವಿನ ಮೇರಿ ಫಾಸ್ಟರ್ ಎಂಬ ತಾಯಿಯ ಉದಾರ ದಾನ ಅವರ ಕೈ ಹಿಡಿಯಿತು. 1931ರಲ್ಲಿ ಸಾರನಾಥದಲ್ಲಿ ಮೂಲಗಂಧಕುಟಿ ವಿಹಾರ ಎದ್ದು ನಿಂತಿತು. ಕೊನೆಯಲ್ಲಿ ಭಿಕ್ಖುವಾಗಿ, 1933ರ ಏಪ್ರಿಲ್ 29ರಂದು ಸಾರನಾಥದಲ್ಲೇ ಕಣ್ಮುಚ್ಚಿದರು.

ಬೋಧಗಯಾ ದೇವಾಲಯ ಕಾಯ್ದೆ ಬಂದದ್ದು 1949ರಲ್ಲಿ. ಸಮಿತಿಯಲ್ಲಿ 4 ಜನ ಬೌದ್ಧರು, 4 ಜನ ಹಿಂದೂಗಳು, ಅಧ್ಯಕ್ಷರಾಗಿ ಗಯಾ ಜಿಲ್ಲಾಧಿಕಾರಿ. ಅರ್ಧ ದಾರಿ ಸಾಗಿತು, ಇನ್ನರ್ಧಕ್ಕೆ ಹೋರಾಟ ಇನ್ನೂ ನಡೆದಿದೆ. ಧರ್ಮಪಾಲರು ಆರಂಭಿಸಿದ ಮಹಾಬೋಧಿ ಪತ್ರಿಕೆಯಲ್ಲೇ 1950ರಲ್ಲಿ ಬಾಬಾಸಾಹೇಬರು ಬುದ್ಧ ಧಮ್ಮದ ಭವಿಷ್ಯದ ಬಗ್ಗೆ ಬರೆದರು. ಆರು ವರ್ಷಕ್ಕೆ ನಾಗಪುರದ ದೀಕ್ಷಾಭೂಮಿ ಲಕ್ಷಾಂತರ ಜನರಿಂದ ತುಂಬಿತು.

ಬೋಧಗಯೆಯ ಹಕ್ಕು ಕೇಳೋಣ, ಸಂವಿಧಾನದ ದಾರಿಯಲ್ಲೇ ಕೇಳೋಣ. ಜೊತೆಗೆ ಇಂದು ಒಂದು ಪ್ರಶ್ನೆಯನ್ನು ನಮಗೇ ಹಾಕಿಕೊಳ್ಳೋಣ: ನಮ್ಮ ಊರಿನ ವಿಹಾರದ ಕೀಲಿ ನಮ್ಮ ಕೈಯಲ್ಲೇ ಇದೆಯಲ್ಲ, ಈ ಭಾನುವಾರ ಅದರ ಬಾಗಿಲು ತೆರೆದು ಮಕ್ಕಳನ್ನು ಕೂರಿಸಿಕೊಂಡು ಪಂಚಶೀಲ ಹೇಳಿಕೊಡುವವರು ನಮ್ಮಲ್ಲಿ ಯಾರು?

ನಮೋ ಬುದ್ಧಾಯ, ಜೈ ಭೀಮ್ 🙏